ಹಳೇ ಮನೆ ಕೊಳ್ಳುವ ಮುಂಚೆ ವೈರಿಂಗ್‌ನಲ್ಲಿ ಏನೇನು ನೋಡಬೇಕು?

ಪ್ರಶ್ನೆ: ಸರ್, ಸುಮಾರು 35 ವರ್ಷ ಹಳೆಯ ಮನೆಯೊಂದನ್ನು ಕೊಳ್ಳೋಣ ಅಂತಿದ್ದೇವೆ. ಗೋಡೆಗೆ ಹೊಸ ಬಣ್ಣ ಹೊಡೆಸಿದ್ದಾರೆ, ಸ್ವಿಚ್‌ಗಳೂ ಹೊಸವು. ಮಾಲೀಕರು ವೈರಿಂಗ್ ಚೆನ್ನಾಗಿದೆ ಅನ್ನುತ್ತಾರೆ. ಆದರೆ ಗೀಸರ್ ಹಾಕಿದ ಕೂಡಲೇ ಹಾಲ್‌ನ ಲೈಟ್ ಮಂಕಾಯಿತು. ನನಗೆ ಕರೆಂಟಿನ ಕೆಲಸ ಏನೂ ಗೊತ್ತಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ನಾನೇ ಏನಾದರೂ ನೋಡಬಹುದಾ?

ಉತ್ತರ: ಈಗಲೇ ಕೇಳಿದಿರಲ್ಲ, ಒಳ್ಳೆಯದಾಯಿತು. ಜಾಸ್ತಿ ಜನ ಸಾಮಾನು ಸಾಗಿಸಿದ ಮೇಲೆ ಫೋನ್ ಮಾಡುತ್ತಾರೆ.

ಹೊಸ ಸ್ವಿಚ್ ನೋಡಿ ಸಮಾಧಾನ ಪಡಬೇಡಿ. ಅದು ಒಂದೆರಡು ದಿನದ ಕೆಲಸ. ಗೋಡೆಯೊಳಗಿನ ವೈರ್ ಬದಲಾಯಿಸಬೇಕಾದರೆ ಕೆಲವು ಸಲ ಗೋಡೆಯನ್ನೇ ಒಡೆಯಬೇಕು. ಮಾರುವವರು ಎರಡರಲ್ಲಿ ಯಾವುದನ್ನು ಮಾಡಿಸಿರುತ್ತಾರೆ, ನೀವೇ ಹೇಳಿ.

ಮೊದಲು ಎಂಸಿಬಿಗಳಿರುವ ಡಬ್ಬಿಯ ಮುಂದೆ ನಿಲ್ಲಿ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಆಫ್ ಆಗುವ ಸ್ವಿಚ್. ಮುಚ್ಚಳ ತೆಗೆದು ನೋಡಬಹುದು, ಸ್ಕ್ರೂ ಮಾತ್ರ ಬಿಚ್ಚಬೇಡಿ. ‘ಟಿ’ ಅಂತ ಬರೆದ ಸಣ್ಣ ಬಟನ್ ಇರುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಇದೆಯಾ? ಅದರ ಮೇಲೆ 30 ಮಿಲಿಆಂಪಿಯರ್ ಅಂತ ಇರಬೇಕು. ಮಾಲೀಕರಿಗೆ ಹೇಳಿ ಆ ಬಟನ್ ಒತ್ತಿ. ಟಪ್ ಅಂತ ಕರೆಂಟ್ ಹೋಗಬೇಕು. ಹೋಗದಿದ್ದರೆ ಅದು ಕೆಟ್ಟಿದೆ ಅಂತಲೇ ಹಿಡಿದುಕೊಳ್ಳಿ. ಎಂಸಿಬಿ ಇದ್ದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಮೈಯಲ್ಲಿ ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲು ಹರಿದರೂ ಜೀವ ಹೋಗಬಹುದು. 16 ಆಂಪಿಯರ್‌ನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಆಮೇಲೆ ಎಂಸಿಬಿಗಳ ಮೇಲಿನ ನಂಬರ್ ಫೋಟೋ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ 16ರದ್ದು ತೆಗೆದು 32ರದ್ದು ಕೂರಿಸಿದ್ದರು. ಟ್ರಿಪ್ ಆಗುವುದು ನಿಂತಿತು, ಮನೆಯವರಿಗೂ ಖುಷಿ. ನಾನು ಸ್ವಿಚ್‌ಬೋರ್ಡ್ ಬಿಚ್ಚಿ ನೋಡಿದರೆ ಹಿಂದೆ ಇದ್ದದ್ದು 1.5 ಚದರ ಮಿ.ಮೀ. ವೈರ್, 32 ಆಂಪಿಯರ್ ತಡೆಯದಷ್ಟು ಸಣ್ಣದು. ಮೇಲಿನ ಪ್ಲಾಸ್ಟಿಕ್ ಕಂದು ತಿರುಗಿ, ಬೆರಳಲ್ಲಿ ಬಗ್ಗಿಸಿದರೆ ಒಣ ಎಲೆಯ ಹಾಗೆ ಉದುರಿತು. ಆ ಬೋರ್ಡಿನ ಸ್ವಿಚ್‌ಗಳೂ ಹೊಚ್ಚ ಹೊಸವೇ!

ನಿಮ್ಮ ಗೀಸರ್ ವಿಷಯಕ್ಕೆ ಬರೋಣ. 2000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು ಹಾಕಿದಾಗ ಲೈಟ್ ಒಂಚೂರು ಕುಗ್ಗಿದರೆ ಗಾಬರಿ ಬೇಡ. ಎದ್ದು ಕಾಣುವಷ್ಟು ಮಂಕಾದರೆ ವೈರ್ ಸಣ್ಣದಿರಬೇಕು, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲ ಆಗಿರಬೇಕು. ಗೀಸರನ್ನು 20 ನಿಮಿಷ ಉರಿಸಿ. ಒಣ ಕೈಯ ಹಿಂಭಾಗವನ್ನು ಅದರ ಸ್ವಿಚ್‌ಬೋರ್ಡ್ ಹತ್ತಿರ ತನ್ನಿ. ಬಿಸಿ ತಗುಲಿದರೆ, ಪಿನ್ ತೂತಿನ ಸುತ್ತ ಕಂದು ಕಲೆ ಇದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ತಕ್ಷಣ ಆಫ್ ಮಾಡಿಸಿ. ಇನ್ನೊಂದು: ಒಂದು ಕೋಣೆ ಮಂಕಾಗಿ ಇನ್ನೊಂದು ಕೋಣೆಯ ಲೈಟ್ ಜಾಸ್ತಿ ಉರಿದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಬಿಟ್ಟುಕೊಂಡಿದೆಯೋ ಏನೋ ಅಂತ ಮೊದಲು ನೋಡಿಸಬೇಕು. ಟಿವಿ, ಫ್ರಿಜ್ ಸುಟ್ಟುಹೋಗುವುದೇ ಹಾಗೆ.

ಇನ್ನೊಬ್ಬ ಸದಸ್ಯೆ: ನಮ್ಮ ಮನೆಯಲ್ಲಿ ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಂ ಅನ್ನುತ್ತೆ. ಚಪ್ಪಲಿ ಹಾಕಿಕೊಂಡರೆ ಏನೂ ಆಗಲ್ಲ. ಸುಮ್ನೆ ಬಿಡಬಹುದಾ?

ಉತ್ತರ: ಬೇಡ ಮೇಡಂ. ಈಗಲೇ ಗೀಸರ್‌ನ ಎಂಸಿಬಿ ಇಳಿಸಿ. ಒಳಗಿನ ಎಲಿಮೆಂಟ್ ಒಡೆದು ಕರೆಂಟ್ ನೀರಿಗೆ ಬರುತ್ತಿರಬಹುದು, ಅದನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ಕೂಡ ಇಲ್ಲದಿರಬಹುದು. ರಿಪೇರಿ ಆಗುವ ತನಕ ಅದನ್ನು ಹಾಕಲೇಬೇಡಿ.

ಮೊದಲು ಕೇಳಿದವರು: ಸರ್, ಸಾಕೆಟ್‌ಗಳೆಲ್ಲ ಮೂರು ತೂತಿನವೇ ಇವೆ. ಅಂದರೆ ಅರ್ಥಿಂಗ್ ಇದೆ ಅಂತ ತಾನೇ? ಎಲೆಕ್ಟ್ರೀಷಿಯನ್ ಕರೆದುಕೊಂಡು ಹೋದರೆ ಏನು ಟೆಸ್ಟ್ ಮಾಡಿಸಲಿ? ಮನೆ ಬಿಟ್ಟುಬಿಡಬೇಕಾ?

ಉತ್ತರ: ಹಾಗೆ ಹೇಳೋಕಾಗಲ್ಲ. ಮೂರನೇ ತೂತಿನ ಹಿಂದೆ ವೈರೇ ಇಲ್ಲದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವು ಕಡೆ ಅದನ್ನು ನ್ಯೂಟ್ರಲ್‌ಗೇ ಸೇರಿಸಿರುತ್ತಾರೆ. ಸಾಕೆಟ್‌ಗೆ ಸಿಕ್ಕಿಸಿ ನೋಡುವ ಮೂರು ದೀಪದ ಟೆಸ್ಟರ್ ಕೂಡ ಅಲ್ಲಿ ಮೋಸ ಹೋಗಿ ‘ಸರಿ ಇದೆ’ ಅಂತ ತೋರಿಸುತ್ತದೆ.

ಮಾಲೀಕರು ಹೇಳಿದವರನ್ನು ಬಿಟ್ಟು ನಿಮ್ಮದೇ ಎಲೆಕ್ಟ್ರೀಷಿಯನ್ ಕರೆದುಕೊಂಡು ಹೋಗಿ. ಅರ್ಥಿಂಗ್ ಅಳೆಸಿ. ಲೈಟು, ಫ್ಯಾನು, ಮಿಷಿನ್ ಎಲ್ಲ ಬೇರೆ ಮಾಡಿ 500 ವೋಲ್ಟ್ ಮೆಗ್ಗರ್ ಹಾಕಿಸಿ. ವೈರಿನ ಮೇಲಿನ ಪ್ಲಾಸ್ಟಿಕ್ ಕರೆಂಟ್ ಸೋರದ ಹಾಗೆ ತಡೆಯುತ್ತದೆಯಾ ಅಂತ ಅಳೆಯುವ ಮೀಟರ್ ಅದು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸರ್ಕ್ಯೂಟ್ ಪಾಸಾಗಲಿಲ್ಲ ಅಂತ ಅರ್ಥ. ಒಳ್ಳೆ ವೈರಿಂಗ್‌ನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ. ವೈರಿನ ತುದಿ ಬೆಳ್ಳಗಿದ್ದರೆ ಅಲ್ಯೂಮಿನಿಯಮ್ಮಾ ಅಂತಲೂ ಕೇಳಿ. ಅದರ ಜಾಯಿಂಟ್ ಬೇಗ ಸಡಿಲವಾಗಿ ಬಿಸಿಯಾಗುತ್ತದೆ. ತವರ ಲೇಪಿಸಿದ ತಾಮ್ರವೂ ಬೆಳ್ಳಗೇ ಕಾಣುತ್ತದೆ, ಮೇನ್ ಆಫ್ ಮಾಡಿ ತುದಿ ಕೆರೆದರೆ ಕೆಂಪು ಬಣ್ಣ ಹೊರಗೆ ಬರುತ್ತದೆ.

ಮನೆ ಇಷ್ಟವಾಗಿದ್ದರೆ ವೈರಿಂಗ್ ಒಂದಕ್ಕೇ ಬಿಡಬೇಡಿ. ಖರ್ಚಿನ ಅಂದಾಜು ಬರೆಸಿಕೊಂಡು, ಅದನ್ನು ಇಟ್ಟುಕೊಂಡೇ ರೇಟು ಮಾತಾಡಿ. ಅಂದಾಜು ಬರೆಸುವಾಗ ಎರಡು ಮೂರು ಕಡೆ ವೈರ್ ಎಳೆದು ನೋಡಲು ಹೇಳಿ. ಪೈಪಿನೊಳಗೆ ಸಲೀಸಾಗಿ ಜಾರಿದರೆ ಹಳೇ ವೈರಿಗೇ ಕಟ್ಟಿ ಹೊಸದನ್ನು ಎಳೆಯಬಹುದು, ಗೋಡೆ ಒಡೆಯುವ ಖರ್ಚು ಉಳಿಯುತ್ತದೆ.

ಮೊದಲು ಕೇಳಿದವರು: ಸರಿ ಸರ್. ಭಾನುವಾರ ಇನ್ನೊಂದ್ಸಲ ಹೋಗ್ತೀವಿ. ಎಂಸಿಬಿ ಫೋಟೋ ಇಲ್ಲೇ ಹಾಕ್ತೀನಿ.