ಸಹಾಯ ಬೇಕು: ಮೋಟಾರ್ ಡಿಶ್ ನಡುವೆ ಸರಿ, ತುದಿಗಳಲ್ಲಿ ತಪ್ಪುತ್ತಿದೆ

ತಾರಸಿಯ ಮೇಲೆ, ಬೇರೆ ಬೇರೆ ಟಿವಿ ಉಪಗ್ರಹಗಳತ್ತ ತಾನೇ ತಿರುಗುವ ಮೋಟಾರ್ ಇರುವ ಡಿಶ್ ಕೂರಿಸಿದ್ದೇನೆ. ದಕ್ಷಿಣಕ್ಕೆ ತೀರ ಹತ್ತಿರದ ಉಪಗ್ರಹದ ಸಿಗ್ನಲ್ ಚೆನ್ನಾಗಿದೆ. ಪೂರ್ವಕ್ಕೋ ಪಶ್ಚಿಮಕ್ಕೋ ಸರಿದಂತೆ ಗುಣಮಟ್ಟ ಕುಸಿಯುತ್ತದೆ, ತುದಿಯ ಉಪಗ್ರಹಗಳು ಸಿಗುವುದೇ ಇಲ್ಲ.

ಕಂಬ ನೆಟ್ಟಗಿದೆ, ರಸಮಟ್ಟ ಹಿಡಿದು ಎರಡು ಬದಿಯಿಂದಲೂ ನೋಡಿದೆ. ಮೋಟಾರಿನ ಮಾಪಕವನ್ನು ನಮ್ಮ ಊರಿನ ಅಕ್ಷಾಂಶಕ್ಕೆ ಹೊಂದಿಸಿದ್ದೇನೆ, ಡಿಶ್‌ನ ಎತ್ತರದ ಕೋನ ಕೈಪಿಡಿಯ ಕೋಷ್ಟಕದಂತಿದೆ. ದಿಕ್ಸೂಚಿ ತೋರಿಸುವುದು ಕಾಂತೀಯ ದಕ್ಷಿಣವನ್ನು. ಅದನ್ನು ನಂಬದೆ, ಸೂರ್ಯ ಅತಿ ಎತ್ತರಕ್ಕೆ ಬಂದಾಗಿನ ಕಂಬದ ನೆರಳಿನಿಂದ ದಿಕ್ಕು ಗುರುತಿಸಿದೆ. ರಿಸೀವರ್‌ನ ಯುಸಾಲ್ಸ್‌ನಲ್ಲಿ (ಮೋಟಾರ್ ಎಷ್ಟು ತಿರುಗಬೇಕೆಂದು ನಮ್ಮ ಸ್ಥಳದಿಂದ ಲೆಕ್ಕ ಹಾಕುವ ವ್ಯವಸ್ಥೆ) ಅಕ್ಷಾಂಶ, ರೇಖಾಂಶಗಳೂ ಸರಿಯಾಗಿವೆ.

ತಲೆ ಕೆಡಿಸಿರುವುದು ಇದು: ಪೂರ್ವದ ತುದಿಯಲ್ಲಿ ಡಿಶ್‌ನ ಮುಖವನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆತ್ತಿದರೆ ಸಿಗ್ನಲ್ ಏರುತ್ತದೆ, ಪಶ್ಚಿಮದಲ್ಲಿ ಕೆಳಕ್ಕೆ ಬಗ್ಗಿಸಿದರೆ ಏರುತ್ತದೆ. ಎರಡೂ ಕಡೆ ಒಂದೇ ಬಗೆಯ ತಪ್ಪಾಗಿದ್ದರೆ ಎತ್ತರದ ಕೋನವನ್ನು ದೂರಬಹುದಿತ್ತು. ಇದು ಮೋಟಾರ್ ಕಂಬದ ಮೇಲೆ ಪಶ್ಚಿಮಕ್ಕೆ ತಿರುಗಿ ಕೂತಿರುವ ಲಕ್ಷಣ ಎನಿಸುತ್ತದೆ. ಆದರೆ ಅದನ್ನು ಕಂಬದ ಮೇಲೆ ಕೂದಲೆಳೆಯಷ್ಟು ಪೂರ್ವಕ್ಕೆ ತಿರುಗಿಸಿದರೂ ನಡುವಿನ ಉಪಗ್ರಹವೇ ಕೈತಪ್ಪುತ್ತದೆ!

ಮೋಟಾರ್ ಕೂರಿಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ಮೋಟಾರನ್ನು ಪೂರ್ವಕ್ಕೆ ತಿರುಗಿಸಿದ ಮೇಲೆ, ನಡುವಿನ ಉಪಗ್ರಹವನ್ನು ಮರಳಿ ಹಿಡಿಯಲು ಮೋಟಾರಿನ ದಂಡಕ್ಕೆ ಬಿಗಿದ ಡಿಶ್‌ನ ಹಿಡಿಕೆ ಸಡಿಲಿಸಿ ಅದನ್ನು ಪಶ್ಚಿಮಕ್ಕೆ ಹೊರಳಿಸಬೇಕೇ, ಅಥವಾ ಮೋಟಾರಿನ ಸೊನ್ನೆಯ ಸ್ಥಾನವನ್ನೇ ಬದಲಿಸಬೇಕೇ?