ಮಗನ ಕಿವಿ ತಮಟೆ ಹಿಂದೆ ನೀರು ನಿಂತಿದೆಯಂತೆ, ಟ್ಯೂಬ್ ಹಾಕಿಸಲೇಬೇಕಾ?

ಪುಟ್ಟನ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ 5 ವರ್ಷ, ಯುಕೆಜಿ. ಈ ಮಳೆಗಾಲದಲ್ಲಿ ಒಂದರ ಬೆನ್ನಿಗೊಂದು ನೆಗಡಿ. ಆಮೇಲಿಂದ ಕರೆದರೆ ತಿರುಗುವುದು ಕಡಿಮೆಯಾಯಿತು, ಟಿವಿ ಮುಂದೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಾನೆ, ಏನು ಹೇಳಿದರೂ ಮೊದಲು ‘ಹಾಂ?’. ಮಾತೇ ಕೇಳಲ್ಲ ಇವನು ಅಂತ ಬೈದೆ, ಒಂದೆರಡು ಸಲ ಹೊಡೆದೂ ಬಿಟ್ಟೆ. ನೆನೆಸಿಕೊಂಡರೆ ಈಗಲೂ ಕರುಳು ಚುರುಕ್ ಅನ್ನುತ್ತದೆ. ಸ್ಕೂಲಿನವರೂ ‘ಗಮನ ಇಲ್ಲ’ ಅಂತ ಡೈರಿಯಲ್ಲಿ ಬರೆದು ಕಳಿಸಿದರು. ಒಂದು ದಿನ ಸುಮ್ನೆ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ‘ಚಾಕಲೇಟ್ ಬೇಕಾ?’ ಅಂದೆ. ತಿರುಗಲಿಲ್ಲ. ಚಾಕಲೇಟಿಗೂ ತಿರುಗದವನು ಹಟ ಮಾಡುತ್ತಿಲ್ಲ ಅಂತ ಆಗ ಹೊಳೆಯಿತು.

ಇಎನ್‌ಟಿ ಡಾಕ್ಟರು ಎರಡೂ ಕಿವಿಯಲ್ಲಿ ತಮಟೆ ಹಿಂದೆ ಅಂಟು ನೀರು ನಿಂತಿದೆ, ಇದಕ್ಕೆ ಗ್ಲೂ ಇಯರ್ ಅಂತಾರೆ ಅಂದರು. 3 ತಿಂಗಳು ನೋಡೋಣ, ಹೋಗದಿದ್ದರೆ ತಮಟೆಗೆ ಸಣ್ಣ ತೂತು ಮಾಡಿ, ಒಳಗೆ ಗಾಳಿಯಾಡಲು ಗ್ರೊಮೆಟ್ ಅನ್ನುವ ಟ್ಯೂಬ್ ಹಾಕೋಣ ಅಂತಾರೆ. ಅತ್ತೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿಕೊಂಡು ಕೂತಿದ್ದಾರೆ. ನೋವಿಲ್ಲ, ಕಿವಿ ಸೋರುವುದೂ ಇಲ್ಲ. ಇಷ್ಟು ಚಿಕ್ಕವನಿಗೆ ಆಪರೇಷನ್ ಬೇಕಾ?

ಹಳೇ ಹುಬ್ಬಳ್ಳಿ:
ನಮ್ಮಜ್ಜಿ ನಮಗೆಲ್ಲ ಬೆಳ್ಳುಳ್ಳಿ ಎಣ್ಣೆ ಬಿಟ್ಟೇ ಬೆಳೆಸಿದ್ದು. ಯಾರಿಗೂ ಏನೂ ಆಗಿಲ್ಲ. ಈಗ ಎಲ್ಲದಕ್ಕೂ ಆಪರೇಷನ್ ಅಂತಾರೆ.

ಸ್ಟ್ರಾಂಗ್ ಕಾಫಿ:
ನಮ್ಮ ಮಗಳಿಗೂ ಇದೇ ಆಗಿತ್ತು, 4 ವರ್ಷ ಇದ್ದಾಗ. ನಾವೂ 3 ತಿಂಗಳು ಕಾದೆವು. ಒಂದು ಕಿವಿ ತಾನೇ ಸರಿಹೋಗುತ್ತಿದೆ ಅನ್ನಿಸಿತು, ಮತ್ತೆ ನೆಗಡಿ, ಮತ್ತೆ ಅದೇ ಕತೆ. ಕೊನೆಗೆ ಎರಡು ಕಿವಿಗೂ ಗ್ರೊಮೆಟ್ ಹಾಕಿ, ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆಯನ್ನೂ ತೆಗೆದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆವು. ಬರುವಾಗ ಕಾರಿನಲ್ಲಿ ಎಡಕ್ಕೆ ತಿರುಗಿಸಲು ಇಂಡಿಕೇಟರ್ ಹಾಕಿದೆ. ಹಿಂದಿನ ಸೀಟಿನಿಂದ ‘ಅಪ್ಪಾ, ಅದೇನು ಟಿಕ್ ಟಿಕ್ ಅಂತಿದೆ?’ ಅಂದಳು. ಆ ಕಾರಿನಲ್ಲಿ ಎರಡು ವರ್ಷ ಓಡಾಡಿದ್ದಾಳೆ ಮಾರಾಯ್ರೇ. ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಟ್ಯೂಬ್ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ, ಸಾಸಿವೆ ಕಾಳಿಗಿಂತ ತುಸು ದೊಡ್ಡದಿರಬಹುದು ಅಷ್ಟೆ. ಸುಮಾರು 10 ತಿಂಗಳಿಗೆ ತಾನೇ ಕಳಚಿ ಗುಗ್ಗೆ ಜೊತೆ ಹೊರಗೆ ಬಂತು. ಆದರೆ ಎಲ್ಲರಿಗೂ ಬೇಕಾಗುವುದಿಲ್ಲ, ನಮ್ಮ ಅಕ್ಕನ ಮಗನಿಗೆ ಕಾಯುತ್ತಿರುವಾಗಲೇ ಸರಿಹೋಯಿತು.

ಮೈಸೂರು ಆಡಿಯೋ:
ಕಿವಿ ಪರೀಕ್ಷೆ ಮಾಡುವುದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ.

ಮೂಗಿನ ಹಿಂಭಾಗದಿಂದ ನಡುಗಿವಿಗೆ, ಅಂದರೆ ತಮಟೆ ಹಿಂದಿನ ಜಾಗಕ್ಕೆ, ಒಂದು ಸಣ್ಣ ಕೊಳವೆ ಇದೆ, ಯೂಸ್ಟೇಶಿಯನ್ ಟ್ಯೂಬ್. ಒಳಗೆ ಗಾಳಿ ಹೋಗುವ ದಾರಿ ಅದೇ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ, ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಮ್ಮಿ ಅಡ್ಡಡ್ಡ. ನೆಗಡಿಯಾದರೆ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಹೋಗದಿದ್ದರೆ ಒಳಗೆ ನೀರು ಊರಿ, ದಿನ ಕಳೆದಂತೆ ಗೋಂದಿನ ಹಾಗೆ ಆಗುತ್ತದೆ. ಆಗ ತಮಟೆ ಸರಿಯಾಗಿ ಅದುರುವುದಿಲ್ಲ. ಕಿವಿಗೆ ಬೆರಳಿಟ್ಟುಕೊಂಡು ಮಾತು ಕೇಳಿ ನೋಡಿ, ನಿಮ್ಮ ಮಗನಿಗೆ ದಿನವಿಡೀ ಹೆಚ್ಚುಕಮ್ಮಿ ಹಾಗೇ.

ಹುಬ್ಬಳ್ಳಿಯವರೇ, ಎಣ್ಣೆ ನಿಲ್ಲುವುದು ತಮಟೆಯ ಈಚೆ, ನೀರು ಇರುವುದು ಆಚೆ. ಮಧ್ಯೆ ಗೋಡೆ. ಗೋಡೆಗೆ ತೂತು ಇದ್ದು ಎಣ್ಣೆ ಒಳಗೆ ಹೋದರೆ ಇನ್ನೂ ಕಷ್ಟ, ಬಿಸಿ ಜಾಸ್ತಿಯಾಗಿ ಕಿವಿ ಸುಟ್ಟುಕೊಂಡ ಮಕ್ಕಳನ್ನು ನಾನೇ ನೋಡಿದ್ದೇನೆ. ಗ್ಲೂ ಇಯರ್‌ಗೆ ಆಂಟಿಬಯಾಟಿಕ್, ನೆಗಡಿ ಮಾತ್ರೆಯಿಂದಲೂ ಉಪಯೋಗವಿಲ್ಲ. ನಿಮ್ಮ ಡಾಕ್ಟರು ಹೇಳಿದ 3 ತಿಂಗಳು ಸುಮ್ನೆ ಮುಂದೂಡಿದ್ದಲ್ಲ. ಅಷ್ಟರಲ್ಲಿ ಬಹಳ ಮಕ್ಕಳಿಗೆ ತಾನೇ ಇಳಿಯುತ್ತದೆ.

ಆದರೆ ಕಾಯುವುದು ಅಂದರೆ ಮರೆಯುವುದಲ್ಲ. ಟಿಂಪನೋಮೆಟ್ರಿ ಮಾತ್ರ ಆಗಿದೆಯೋ, ಹೆಡ್‌ಫೋನ್ ಹಾಕಿ ಎಷ್ಟು ಕೇಳಿಸುತ್ತದೆ ಅಂತಲೂ ನೋಡಿದ್ದಾರೋ? ಮೊದಲಿನದು ತಮಟೆ ಅಲ್ಲಾಡುತ್ತದಾ ಅಂತ ಹೇಳುತ್ತದೆ, ನೀರಿದ್ದರೆ ಗ್ರಾಫಿನಲ್ಲಿ ಗುಡ್ಡದಂತೆ ಬರಬೇಕಾದ ಗೆರೆ ಚಪ್ಪಟೆ. ಕೇಳಿಸುವುದು ಎಷ್ಟು ಅಂತ ತಿಳಿಯಲು ಎರಡನೆಯದು ಬೇಕೇ ಬೇಕು. ಎರಡನ್ನೂ 3 ತಿಂಗಳ ಕೊನೆಗೆ ಮತ್ತೆ ಮಾಡಿಸಿ. ಈಗಲೇ ಸ್ಕೂಲಿಗೆ ಹೋಗಿ ಮುಂದಿನ ಬೆಂಚು ಕೇಳಿ. ಮನೆಯಲ್ಲಿ ಟಿವಿ ಆರಿಸಿ, ಎದುರಿಗೆ ಕೂತು, ಮುಖ ಕಾಣುವಂತೆ ಮಾತಾಡಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಹೊರಗೆ ಕಳಿಸಿ. ಮಾತು ತೊದಲುತ್ತಿದ್ದರೆ ಅಥವಾ ಹಿಂದೆ ಬೀಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮೈಸೂರಿಗೆ ಬರಲು ಆಗುವುದಾದರೆ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು, ಕಿವಿ ಮತ್ತು ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ.

ದೊಡ್ಡವರಿಗೂ ಒಂದು ಮಾತು. ಬೆಳಿಗ್ಗೆ ಎದ್ದಾಗ ಒಂದು ಕಿವಿ ಏಕಾಏಕಿ ಕೇಳದಿದ್ದರೆ ‘ಗುಗ್ಗೆ ಇರಬೇಕು’ ಅಂತ ವಾರಗಟ್ಟಲೆ ಕಾಯಬೇಡಿ. ಅವತ್ತೇ ತೋರಿಸಿ. ಒಳಗಿವಿಯ ತೊಂದರೆಯಾದರೆ ಸ್ಟೆರಾಯ್ಡ್ ಬೇಗ ಕೊಟ್ಟಷ್ಟೂ ಒಳ್ಳೆಯದು.

ಪುಟ್ಟನ ಅಮ್ಮ:
ತುಂಬಾ ಥ್ಯಾಂಕ್ಸ್. ಹೆಡ್‌ಫೋನ್ ಪರೀಕ್ಷೆ ಆಗಿಲ್ಲ, ಕೇಳುತ್ತೇನೆ. ಇನ್ನೊಂದು ವಿಷಯ, ಮಾವನಿಗೂ ಕಿವಿ ಮಂದ. ‘ಕೇಳುತ್ತೆ, ಆದರೆ ಅರ್ಥ ಆಗಲ್ಲ’ ಅಂತಾರೆ. ಸೊಪ್ಪು ತನ್ನಿ ಅಂದರೆ ಉಪ್ಪು ತರುತ್ತಾರೆ. ಇದೂ ನೀರಾ?

ಸಂಜೆ ವಾಕಿಂಗ್:
ಅದು ನೀರಲ್ಲಮ್ಮ, ವಯಸ್ಸಾಗಿರಬೇಕು, ನನ್ನದೂ ಅದೇ ಕೇಸು. ನನಗೆ 71. ತೆಳುವಾದ ದನಿಗಳು, ಸ, ಶ, ತ, ಇವೇ ಮೊದಲು ಹೋಗುವುದು. ‘ಸೊಪ್ಪು’ವಿನ ಸ ಬಿದ್ದುಹೋದರೆ ಉಳಿಯುವುದು ಇನ್ನೇನು! ಮೊದಲು ಗುಗ್ಗೆ ಇದೆಯಾ ನೋಡಿಸಿ, ಆಮೇಲೆ ಪರೀಕ್ಷೆ. ನಾನು ಮೊದಲು ಆನ್‌ಲೈನಿನಲ್ಲಿ ಅಗ್ಗದ ಕಿವಿ ಮಷೀನ್ ತರಿಸಿದೆ. ಕುಕ್ಕರ್, ಫ್ಯಾನು, ಹೆಂಡತಿ ಎಲ್ಲಾ ಒಂದೇ ಸಮ ಕೂಗಿದಂತೆ. ಡ್ರಾಯರ್ ಸೇರಿತು. ಎರಡನೆಯದನ್ನು ಪರೀಕ್ಷೆ ಮಾಡಿಸಿ ನನ್ನ ಕಿವಿಗೆ ಹೊಂದಿಸಿಕೊಂಡು ತಂದೆ. ಅದಕ್ಕೂ ಒಗ್ಗಿಕೊಳ್ಳಲು ತಿಂಗಳಾಯಿತು, ಮೊದಲ ದಿನ ಪೇಪರ್ ಮಡಚಿದ ಸದ್ದಿಗೇ ಬೆಚ್ಚಿದ್ದೆ. ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಇದನ್ನು ಅಂಗಡಿಯವನು ಹೇಳಲೇ ಇಲ್ಲ. ಮಾವನಿಗೆ ಕೂಗಿ ಹೇಳಬೇಡಿ, ನಿಧಾನಕ್ಕೆ ಹೇಳಿ. ಕೂಗಿದರೆ ನಮಗೆ ಬೈದ ಹಾಗೇ ಕೇಳಿಸೋದು.

ಪುಟ್ಟನ ಅಮ್ಮ:
ಇಬ್ಬರಿಗೂ ಒಂದೇ ದಿನ ಪರೀಕ್ಷೆಗೆ ಹೆಸರು ಬರೆಸಿದ್ದೇನೆ, ಗುರುವಾರ. ಮಗನನ್ನು ಮೊದಲ ಬೆಂಚಿಗೆ ಹಾಕಿದ್ದಾರೆ. ಎಣ್ಣೆಯನ್ನು ಅತ್ತೆಯ ಮಂಡಿಗೆ ಹಚ್ಚಿದೆ.