ಹಳೆಯ ಸಾಹಸ, ಹಾಸ್ಯ ಚಿತ್ರಗಳನ್ನು ನಾಯಕನಟನಿಗಾಗಿಯೇ ಮತ್ತೆ ನೋಡುವುದು: ಯಾವುವು ಇಂದಿಗೂ ಹಿಡಿದು ಕೂರಿಸುತ್ತವೆ?

ಹಳೆಯ ರೀಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ಕನ್ನಡದ ಹಳೆಯ ಸಾಹಸ ಚಿತ್ರಗಳನ್ನೂ ಹಾಸ್ಯ ಚಿತ್ರಗಳನ್ನೂ ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ. 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿ.ಐ.ಡಿ. 999’, 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರ ‘ಆಪರೇಷನ್ ಡೈಮಂಡ್ ರಾಕೆಟ್’, ಹೀಗೆ ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ ನಾಲ್ಕೂ ಪತ್ತೇದಾರಿ ಚಿತ್ರಗಳನ್ನು ಮುಗಿಸಿದ್ದೇನೆ. ಕಥೆಯ ತಿರುವುಗಳು ಈಗ ಮೊದಲೇ ಗೊತ್ತಾಗಿಬಿಡುತ್ತವೆ, ಹೊಡೆದಾಟಗಳು ಇಂದಿನ ಕಣ್ಣಿಗೆ ನಿಧಾನವಾಗಿ ಕಾಣುತ್ತವೆ, ಖಳನ ಅಡ್ಡೆಯ ಗೋಡೆಗಳು ಸೆಟ್ಟಿನವೆಂದು ಯಾರಾದರೂ ಹೇಳಬಲ್ಲರು. ಇಷ್ಟಿದ್ದರೂ ರಾಜಕುಮಾರ್ ತೆರೆಯ ಮೇಲಿರುವಷ್ಟು ಹೊತ್ತು ನನ್ನ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಅವರಿಲ್ಲದ ದೃಶ್ಯ ಬಂದ ಕೂಡಲೇ ಚಿತ್ರದ ವಯಸ್ಸು ಥಟ್ಟನೆ ಎದ್ದು ಕಾಣುತ್ತದೆ.

ಇದನ್ನು ಬರಿಯ ಅಭಿಮಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಟನ ಕಸುಬಿನಲ್ಲಿ ಬೆರಳಿಟ್ಟು ತೋರಿಸಬಹುದಾದದ್ದು ಏನೋ ಇರಲೇಬೇಕು. ಅದು ಏನೆಂದು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಕಥೆಗಿಂತ ಹೆಚ್ಚಾಗಿ ನಾಯಕನಟನ ಮೋಡಿಯಿಂದಲೇ ಇಂದಿಗೂ ನಿಲ್ಲುವ ಸಾಹಸ ಅಥವಾ ಹಾಸ್ಯ ಚಿತ್ರಗಳು ಇನ್ನೂ ಯಾವುವಿವೆ ಎಂಬುದನ್ನೂ ದಯವಿಟ್ಟು ತಿಳಿಸಿ.

ಗುಬ್ಬಿ ಪರದೆ:

ತಾವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ರಂಗಭೂಮಿಯಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ. ರಾಜಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಹೆಸರು ಮಾಡಿದ ನಟರು. ಮಗ ಬೆಳೆದದ್ದೂ ಆ ಕಂಪನಿಯ ನಾಟಕಗಳ ನಡುವೆಯೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗುವ ಹೊತ್ತಿಗೆ ಅವರ ದೇಹಕ್ಕೆ ರಂಗದ ಶಿಸ್ತು ಪೂರ್ತಿಯಾಗಿ ಒಗ್ಗಿಹೋಗಿತ್ತು. ಕಂಪನಿ ನಾಟಕದಲ್ಲಿ ನಟನ ಮುಖವನ್ನಷ್ಟೇ ಹತ್ತಿರಕ್ಕೆ ತಂದು ತೋರಿಸುವ ಸೌಲಭ್ಯವಿಲ್ಲ. ತಲೆಯಿಂದ ಕಾಲಿನವರೆಗೆ ಇಡೀ ಆಳು ಇಡೀ ಹೊತ್ತು ಪ್ರೇಕ್ಷಕರಿಗೆ ಕಾಣುತ್ತಲೇ ಇರುತ್ತಾನೆ. ಹಾಗಾಗಿ ಮಾತಿಲ್ಲದಾಗಲೂ ಹೇಗೆ ನಿಲ್ಲಬೇಕು, ಕೈಗಳನ್ನು ಎಲ್ಲಿಡಬೇಕು, ಎದುರಿನವನು ಮಾತಾಡುವಾಗ ಯಾವ ಕಡೆಗೆ ತಿರುಗಿರಬೇಕು ಎಂಬುದನ್ನೆಲ್ಲ ಆ ನಟರು ವರ್ಷಗಟ್ಟಲೆ ದುಡಿದು ಕಲಿತಿರುತ್ತಿದ್ದರು.

ಸಿ.ಐ.ಡಿ. ಚಿತ್ರಗಳಲ್ಲಿ ಅವರು ಕೋಣೆಯೊಳಕ್ಕೆ ಬರುವ ದೃಶ್ಯಗಳನ್ನು ಗಮನವಿಟ್ಟು ನೋಡಿ. ಒಳಗೆ ಬಂದು, ನಿಂತು, ಕಣ್ಣಿನಲ್ಲೇ ಎಲ್ಲರನ್ನೂ ಅಳೆದು, ಅನಂತರವಷ್ಟೇ ಬಾಯಿ ತೆರೆಯುತ್ತಾರೆ. ಪುರಾಣದ ಅರಸನ ಪಾತ್ರದಲ್ಲಿ ಕಲಿತ ಪ್ರವೇಶವನ್ನೇ ಕೋಟು ತೊಟ್ಟ ಪತ್ತೇದಾರನಿಗೆ ತಕ್ಕಷ್ಟು ಸಣ್ಣದಾಗಿಸಿಕೊಂಡಿದ್ದಾರೆ. ಮಾತೂ ಹಾಗೆಯೇ. ವಾಕ್ಯದ ಕೊನೆಯ ಕ್ರಿಯಾಪದವನ್ನು ಅವರು ಎಂದಿಗೂ ನುಂಗುವುದಿಲ್ಲ. ಅವಸರದ ಸನ್ನಿವೇಶದಲ್ಲೂ ಕೊನೆಯ ಅಕ್ಷರ ಕಿವಿಗೆ ತಲುಪುತ್ತದೆ. ಪಾಶ್ಚಾತ್ಯ ಮಾದರಿಯ ಪತ್ತೇದಾರನನ್ನು ಕನ್ನಡದ ಮನೆಮಂದಿಯೆಲ್ಲ ಒಪ್ಪಿಕೊಳ್ಳುವಂತೆ ಮಾಡಿದ್ದು ಬಂದೂಕು, ಕಾರುಗಳಿಗಿಂತ ಹೆಚ್ಚಾಗಿ ಆ ಮಾತಿನ ಹದ.

ಇನ್ನೊಂದು ವಿಷಯವಿದೆ. ಮೊದಲ ಮೂರು ಚಿತ್ರಗಳ ಕಾಲದಲ್ಲಿ ಅವರಿಗೆ ಹಿನ್ನೆಲೆಯಲ್ಲಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಎಮ್ಮೆಯ ಹಾಡಿನ ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಆದ್ದರಿಂದ ‘ಆಪರೇಷನ್ ಡೈಮಂಡ್ ರಾಕೆಟ್’ನ ಇಂಗ್ಲಿಷ್ ಸಾಲುಗಳ ಹಾಡಿನಲ್ಲಿ ಕುಣಿಯುವವರೂ ಹಾಡುವವರೂ ಒಬ್ಬರೇ. ಚಿ. ಉದಯಶಂಕರ್ ಬರೆದ ಆ ಸಾಲುಗಳನ್ನು ಅವರು ತಮ್ಮ ಕನ್ನಡದ ಉಚ್ಚಾರಣೆಯಲ್ಲೇ, ಎಳ್ಳಷ್ಟೂ ಅಳುಕಿಲ್ಲದೆ, ನಗುನಗುತ್ತ ಹಾಡುತ್ತಾರೆ. ಶ್ರೀನಿವಾಸ್ ಅವರ ಕಂಠದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ದೇಹ ಮತ್ತು ದನಿ ಒಂದಾದಾಗ ನಟನಿಗೆ ಬರುವ ಬಲವನ್ನು ಅರಿಯಲು ಮೊದಲ ಚಿತ್ರದ ಹಾಡೊಂದನ್ನೂ ಇದನ್ನೂ ಒಟ್ಟೊಟ್ಟಿಗೆ ನೋಡಬೇಕು.

ವಠಾರದ ಕೊನೆಯ ಮನೆ:

ಹಾಸ್ಯದ ವಿಷಯಕ್ಕೆ ಬಂದರೆ ಅನಂತನಾಗ್ ಅವರನ್ನು ಬಿಟ್ಟು ಮಾತನಾಡುವಂತೆಯೇ ಇಲ್ಲ. ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ (1990), ‘ಗೌರಿ ಗಣೇಶ’ (1991) ಎರಡನ್ನೂ ಒಂದೇ ವಾರದಲ್ಲಿ ನೋಡಿ ಎಂದು ನನ್ನ ಸಲಹೆ. ಮೊದಲನೆಯದರಲ್ಲಿ ಆತ ವಠಾರದಲ್ಲಿ ದಿನವೂ ಜಗಳವಾಡುವ ಹುಡುಗಿಯೇ ತಾನು ಕಾಣದೆ ಮೆಚ್ಚಿಕೊಂಡಿರುವ ಗಾಯಕಿ ಎಂಬುದು ಪ್ರೇಕ್ಷಕರಿಗೆ ತಿಳಿದಿರುತ್ತದೆ, ಅವನಿಗೆ ತಿಳಿದಿರುವುದಿಲ್ಲ. ಇಂಥ ಕಥೆಯಲ್ಲಿ ನಾಯಕ ಪೆದ್ದನಂತೆ ಕಂಡುಬಿಡುವ ಅಪಾಯ ಬಹಳ. ಅನಂತನಾಗ್ ಪೆದ್ದುತನವನ್ನು ಅಭಿನಯಿಸಲು ಹೋಗುವುದೇ ಇಲ್ಲ; ಪ್ರೀತಿಯ ವಿಷಯದಲ್ಲಿ ಆ ಮನುಷ್ಯ ಪೂರ್ತಿ ಗಂಭೀರನಾಗಿದ್ದಾನೆ, ನಗು ಹುಟ್ಟುವುದು ಆ ಗಾಂಭೀರ್ಯದಿಂದಲೇ.

‘ಗೌರಿ ಗಣೇಶ’ದ ಲಂಬೋದರನದು ಇನ್ನೂ ಕಠಿಣವಾದ ಪಾತ್ರ. ತೀರಿಹೋದ ಹೆಣ್ಣುಮಗಳೊಬ್ಬಳ ಡೈರಿಯನ್ನು ಹಿಡಿದುಕೊಂಡು, ಅವಳ ಮಗುವಿಗೆ ನೀವೇ ತಂದೆ ಎಂದು ಮೂರು ಜನ ಗಂಡಸರನ್ನು ಬೇರೆ ಬೇರೆಯಾಗಿ ನಂಬಿಸಿ ಹಣ ಕೀಳುವ ವಂಚಕ ಅವನು. ಕಾಗದದ ಮೇಲೆ ಓದಿದರೆ ಅಸಹ್ಯ ಹುಟ್ಟಬೇಕು. ಆದರೆ ಅನಂತನಾಗ್ ಸುಳ್ಳು ಹೇಳುವ ಕ್ರಮವನ್ನು ನೋಡಿ: ದನಿಯನ್ನು ತಗ್ಗಿಸುತ್ತಾರೆ, ಎದುರಿನವನ ಮುಖದಲ್ಲಿ ಆ ಸುಳ್ಳು ಇಳಿಯಿತೇ ಇಲ್ಲವೇ ಎಂದು ಅರೆಕ್ಷಣ ಕಾಯುತ್ತಾರೆ, ಇಳಿದದ್ದು ಖಚಿತವಾದ ಮೇಲೆಯೇ ಮುಂದಿನ ಸುಳ್ಳನ್ನು ಬಿಡುತ್ತಾರೆ. ಎದುರಿನ ನಟನ ಮಾತನ್ನು ನಿಜವಾಗಿಯೂ ಕೇಳಿಸಿಕೊಳ್ಳುವ ಈ ಗುಣ ಮುಂಬಯಿಯ ರಂಗಭೂಮಿಯಲ್ಲಿ ಅವರು ದುಡಿದದ್ದರ ಫಲವೆಂದು ನನ್ನ ಭಾವನೆ. ನಮ್ಮ ಹಾಸ್ಯ ಚಿತ್ರಗಳಲ್ಲಿ ಜೋರಾಗಿ ಕೂಗಿ ನಗಿಸುವವರು ಬಹಳ ಮಂದಿ ಬಂದಿದ್ದಾರೆ. ಕೇಳಿಸಿಕೊಂಡು ನಗಿಸುವವರು ಅಪರೂಪ.

ಮಂಡ್ಯದ ಓದುಗಿ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ಆಕ್ಷೇಪವನ್ನು ಇಲ್ಲಿ ದಾಖಲಿಸಲೇಬೇಕು. ನಾಯಕನ ಮೋಡಿ ಎಷ್ಟೋ ಸಲ ಚಿತ್ರದ ದೋಷಗಳ ಮೇಲೆ ಪರದೆ ಎಳೆಯುತ್ತದೆ. ಆ ಕಾಲದ ಪತ್ತೇದಾರಿ ಚಿತ್ರಗಳಲ್ಲಿ ಹೆಣ್ಣು ಒಂದೋ ಕಾಪಾಡಬೇಕಾದವಳು, ಇಲ್ಲವೇ ಕ್ಲಬ್ಬಿನಲ್ಲಿ ಕುಣಿಯುವವಳು. ‘ಜೇಡರ ಬಲೆ’ಯಲ್ಲಿ ಜಯಂತಿಯವರಂಥ ಸಮರ್ಥ ನಟಿಯಿದ್ದೂ ಅವರಿಗೆ ದೊರೆತ ಅವಕಾಶ ಅವರ ಶಕ್ತಿಗೆ ತಕ್ಕದ್ದಲ್ಲ. ‘ಗಣೇಶನ ಮದುವೆ’ ನನಗೆ ಹೆಚ್ಚು ಪ್ರಿಯವಾಗಿರುವುದಕ್ಕೆ ಕಾರಣವೂ ಇದೇ: ಅಲ್ಲಿ ವಿನಯಾ ಪ್ರಸಾದ್ ಮಾತಿಗೆ ಮಾತು ಕೊಡುತ್ತಾರೆ, ಜಗಳದಲ್ಲಿ ಎಷ್ಟೋ ಸಲ ಗೆಲ್ಲುತ್ತಾರೆ, ಅದರಿಂದ ಅನಂತನಾಗ್ ಅವರ ಅಭಿನಯವೂ ಮೇಲೇರುತ್ತದೆ. ಎದುರಿಗೆ ಸಮಬಲರಿಲ್ಲದಿದ್ದರೆ ಎಂಥ ನಾಯಕನ ಮೋಡಿಯಾದರೂ ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಜೊತೆಗೆ ದ್ವಾರಕೀಶ್ ಅವರ ಹೆಸರು ಇಲ್ಲಿಯವರೆಗೆ ಯಾರ ಬಾಯಲ್ಲೂ ಬಾರದಿರುವುದು ನನಗೆ ನೋವು ತಂದಿದೆ. ನಾಯಕನೆಂದರೆ ಎತ್ತರದ ಚೆಲುವ ಎಂಬ ಲೆಕ್ಕವನ್ನು 1972ರಲ್ಲೇ ‘ಕುಳ್ಳ ಏಜೆಂಟ್ 000’ ಮೂಲಕ ತಲೆಕೆಳಗು ಮಾಡಿದವರು ಅವರು. ಪತ್ತೇದಾರಿ ಚಿತ್ರಗಳ ಅಣಕವಾದ ಅದರಲ್ಲಿ ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಹಾಡಿದೆ. ರಾಜನ್–ನಾಗೇಂದ್ರರ ಆ ರಾಗಕ್ಕೆ ದ್ವಾರಕೀಶ್ ಕೊಡುವ ಹುರುಪು ಇಂದು ನೋಡಿದರೂ ಮೈಗೆ ಹತ್ತುತ್ತದೆ. 1978ರ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ಚಿತ್ರಕ್ಕಾಗಿ ಕನ್ನಡದ ಕ್ಯಾಮೆರಾವನ್ನು ಕಡಲಾಚೆಗೆ ಕೊಂಡೊಯ್ದ ನಿರ್ಮಾಪಕರೂ ಅವರೇ. ಅದರಲ್ಲಿ ವಿಷ್ಣುವರ್ಧನ್ ಮತ್ತು ಅವರು ಅಕ್ಕಪಕ್ಕ ನಡೆಯುವುದನ್ನು ಸುಮ್ಮನೆ ನೋಡುತ್ತ ಕೂರಬಹುದು. ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಹೊಂದುವುದಿಲ್ಲ, ಆದರೆ ಇಬ್ಬರ ಸಮಯಪ್ರಜ್ಞೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಗುಬ್ಬಿ ಪರದೆ:

ಮೇಡಂ, ಜಯಂತಿಯವರ ಬಗ್ಗೆ ತಾವು ಹೇಳಿದ್ದು ನ್ಯಾಯವಾಗಿದೆ. ಸಾಹಸ ಚಿತ್ರಗಳ ಪಟ್ಟಿಗೆ ನಾನು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಸೇರಿಸುತ್ತೇನೆ. ಶಂಕರ್‌ನಾಗ್ ಅವರಿಗೆ ಅದು ಚೊಚ್ಚಲ ಕನ್ನಡ ಚಿತ್ರ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ತಂದುಕೊಟ್ಟದ್ದೂ ಅದೇ. ಕೂಲಿಗೆ ಕಾದುವ ಗಂಡುಗಲಿಯಾಗಿ ಅವರಲ್ಲಿ ಅಹಂಕಾರವಿದೆ, ಹಸಿವಿದೆ, ಮುಂದಿನ ಕ್ಷಣ ಏನು ಮಾಡಿಯಾನೋ ಎಂಬ ಅನಿಶ್ಚಯವಿದೆ. ಎದುರಿಗೆ ಸುಂದರ್ ಕೃಷ್ಣ ಅರಸ್ ಅವರ ಪೆರಮಾಡಿ ಗಟ್ಟಿಯಾದ ಗೋಡೆಯಂತೆ ನಿಲ್ಲುವುದರಿಂದಲೇ ಆ ಚಂಚಲತೆ ಎದ್ದು ಕಾಣುತ್ತದೆ, ಹಾಗಾಗಿ ಸಮಬಲದ ಕುರಿತ ತಮ್ಮ ಮಾತು ಇಲ್ಲಿಯೂ ನಿಜ. ಶಂಕರ್‌ನಾಗ್ ಅವರೇ ನಿರ್ದೇಶಿಸಿದ ‘ಮಿಂಚಿನ ಓಟ’ವನ್ನು (1980) ಇದರ ಬೆನ್ನಿಗೇ ನೋಡಬೇಕು, ಕಾರುಗಳ್ಳರ ಆ ಕಥೆಯಲ್ಲಿ ಅನಂತನಾಗ್, ಶಂಕರ್‌ನಾಗ್ ಅಣ್ಣತಮ್ಮಂದಿರಿಬ್ಬರೂ ಲೋಕನಾಥ್ ಅವರಿಗೆ ಧಾರಾಳವಾಗಿ ಜಾಗ ಬಿಟ್ಟುಕೊಟ್ಟಿದ್ದಾರೆ.

ಹಳೆಯ ರೀಲು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದಂತೆ ಎರಡು ಹಾಡುಗಳನ್ನೂ ಒಟ್ಟೊಟ್ಟಿಗೆ ನೋಡಿದೆ. 1978ರ ಹಾಡಿನಲ್ಲಿ ಅವರು ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಭುಜವೂ ಅದೇ ಲಯದಲ್ಲಿ ಏಳುತ್ತದೆ. ಹಿಂದಿನ ಚಿತ್ರದ ಹಾಡಿನಲ್ಲಿ ತುಟಿ ಎಷ್ಟೇ ಕರಾರುವಾಕ್ಕಾಗಿ ಹೊಂದಿದರೂ ಇದು ನನಗೆ ಕಾಣಲಿಲ್ಲ. ‘ಒಂದಾನೊಂದು ಕಾಲದಲ್ಲಿ’ ಮತ್ತು ‘ಕುಳ್ಳ ಏಜೆಂಟ್ 000’ ಎರಡನ್ನೂ ಈ ಭಾನುವಾರ ನೋಡುತ್ತೇನೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಚಿತ್ರಗಳಲ್ಲಿ ಹಾಡು, ದೃಶ್ಯಗಳನ್ನು ಕತ್ತರಿಸಿರುವುದೇ ಹೆಚ್ಚು; ಇವೆರಡರ ಪೂರ್ಣ ಪ್ರತಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.